ತೂಬಿಲ್ಲದ ಕೆರೆಗಳ ದಡದಲ್ಲಿ ಎರಡು ದಿನ

ಸೆನೆಕಾ ಸರೋವರದ ದಕ್ಷಿಣ ತುದಿಯಲ್ಲಿ, ವಾಟ್ಕಿನ್ಸ್ ಗ್ಲೆನ್ ಎಂಬ ಸಣ್ಣ ಊರಿನ ಹಲಗೆ ಹಾಸಿದ ದಕ್ಕೆಯ ಕೊನೆಯವರೆಗೂ ನಡೆದುಹೋಗಿ ನಿಂತ ನಮ್ಮ ದೊಡ್ಡಪ್ಪ, ಉತ್ತರಕ್ಕೆ ಕಣ್ಣು ಹಾಯುವಷ್ಟು ದೂರ ನೀರನ್ನೇ ನೋಡಿ, "ಇದರ ತೂಬು ಎಲ್ಲೈತಪ್ಪಾ?" ಎಂದು ಕೇಳಿದರು. ಸುತ್ತ ನಿಂತವರೆಲ್ಲ ಚಿತ್ರ ತೆಗೆಯುತ್ತಿದ್ದರು. ನಾನೂ ಅದಕ್ಕೆಂದೇ ಫೋನು ಹೊರತೆಗೆದಿದ್ದೆ. ಹದಿನಾರು ವರ್ಷಗಳಿಂದ ನ್ಯೂಜೆರ್ಸಿಯಲ್ಲಿರುವ ನಾನು ಈ ಕಡೆಗೆ ನಾಲ್ಕು ಬಾರಿಯಾದರೂ ಬಂದಿದ್ದೇನೆ, ಬಂದವರನ್ನೆಲ್ಲ ಕರೆತಂದು ತೋರಿಸಿದ್ದೇನೆ, ಆದರೆ ಇಷ್ಟು ನೀರು ಯಾರ ಗದ್ದೆಗೆ ಹೋಗುತ್ತದೆ ಎಂಬ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದು, ಆಮೇಲೆ ಆ ಭತ್ತದ ಗದ್ದೆಯನ್ನೇ ಅಡಿಕೆ ತೋಟ ಮಾಡಿದ ಮನುಷ್ಯನಿಗೆ ಅದು ಬಿಟ್ಟು ಬೇರೆ ಪ್ರಶ್ನೆ ಹೊಳೆಯುವಂತಿರಲಿಲ್ಲ.

ಮಗಳ ಬಾಣಂತನಕ್ಕೆಂದು ದೊಡ್ಡಮ್ಮನ ಜೊತೆ ಬಂದಿದ್ದ ಅವರಿಗೆ, ದೊಡ್ಡಮ್ಮನಿಗೆ ಇದ್ದಷ್ಟು ಕೆಲಸ ಇಲ್ಲಿ ಇರಲಿಲ್ಲ. ಕಿಟಕಿಯ ಬಳಿ ಕೂತು ಪಾರ್ಕಿಂಗ್ ಜಾಗದಲ್ಲಿ ನಿಂತ ಕಾರುಗಳನ್ನು ಎಣಿಸುತ್ತಿದ್ದವರನ್ನು ನೋಡಲಾರದೆ, ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಬೆಳಗಿನ ಜಾವ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ನಾಲ್ಕು ಗಂಟೆಗಳ ದಾರಿ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಬೆರಳು ಚಾಚಿಟ್ಟಂತೆ ಉತ್ತರ ದಕ್ಷಿಣವಾಗಿ ಮಲಗಿರುವ ಹನ್ನೊಂದು ಉದ್ದನೆಯ ಸರೋವರಗಳಿವೆ. ಆ ಆಕಾರದಿಂದಲೇ ಅವುಗಳಿಗೆ ಫಿಂಗರ್ ಲೇಕ್ಸ್ ಎಂಬ ಹೆಸರು. ದೊಡ್ಡವು ಎರಡು: ಸೆನೆಕಾ ಮತ್ತು ಕಯೂಗಾ. ಎರಡೂ ಸುಮಾರು 60 ಕಿಲೋಮೀಟರ್ ಉದ್ದವಿದ್ದು, ಅಗಲ ಮಾತ್ರ ಬಹುತೇಕ ಕಡೆ ಐದು ಕಿಲೋಮೀಟರ್ ದಾಟುವುದಿಲ್ಲ. ಸೆನೆಕಾ 188 ಮೀಟರ್ ಆಳವಿದೆ, ಎಂದರೆ ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. ದಡದುದ್ದಕ್ಕೂ ರಸ್ತೆಗಳಿವೆ, ರಸ್ತೆಯ ಉದ್ದಕ್ಕೂ ಸಣ್ಣ ಊರುಗಳಿವೆ, ಆ ಊರುಗಳಿಗೆ ಅಕ್ಟೋಬರ್ ಮುಗಿಯುವವರೆಗೂ ನಮ್ಮಂಥ ವಾರಾಂತ್ಯದ ಜನ ಬರುತ್ತಲೇ ಇರುತ್ತಾರೆ.

ತೂಬಿನ ಪ್ರಶ್ನೆಯ ಬೆನ್ನಿಗೇ ಎರಡನೆಯದು ಬಂತು: "ಕಟ್ಟಿಸಿದ್ದು ಯಾರು?" ಯಾರೂ ಕಟ್ಟಿಸಿಲ್ಲ, ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಮೈಲಿಗಟ್ಟಲೆ ಉದ್ದದ ಮಂಜುಗಡ್ಡೆ ಹಳೆಯ ನದಿ ಕಣಿವೆಗಳನ್ನೇ ಕೊರೆದು ಆಳ ಮಾಡಿತು, ಕೊರೆದ ಮಣ್ಣು ಕಲ್ಲನ್ನು ದಕ್ಷಿಣದ ತುದಿಯಲ್ಲಿ ಗುಡ್ಡೆ ಹಾಕಿತು, ಕರಗಿದ ಮೇಲೆ ನೀರು ನಿಂತಿತು ಎಂದು ನನಗೆ ತಿಳಿದಷ್ಟು ಹೇಳಿದೆ. ಅವರು ಕೇಳಿಸಿಕೊಂಡು ಸುಮ್ಮನಾದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಹುಟ್ಟಿದ ಕೆರೆ ಎಂಬುದೇ ಇಲ್ಲ. ಪ್ರತಿಯೊಂದಕ್ಕೂ ಕಟ್ಟಿಸಿದವರು, ಕಟ್ಟಿದವರು, ಕೆಲವಕ್ಕೆ ಬಲಿಯಾದವರ ಕಥೆ ಇದೆ. ಸೂಳೆಕೆರೆಯದಂತೂ ಶಾಂತವ್ವ ಎಂಬ ರಾಜಕುಮಾರಿಯ ಕಥೆ. ಕೆರೆಗೆ ಬೇಕಾದ ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಅದಕ್ಕೆ ಉಳಿಯಬೇಕೆಂದು ಕೇಳಿಕೊಂಡರಂತೆ. ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಅಳೆದು ಬಂದವರನ್ನು ನಾನು ಕಂಡಿಲ್ಲ. ಎರಡು ಗುಡ್ಡಗಳ ನಡುವಿನ ಸಣ್ಣ ಸಂದಿಗೆ ಏರಿ ಹಾಕಿ, ಹರಿದ್ರಾವತಿ ಹಳ್ಳವನ್ನು ತಡೆದು, ಅಷ್ಟಗಲ ನೀರು ನಿಲ್ಲಿಸಿದ ಜಾಣತನವನ್ನು ಮಾತ್ರ ಅಳೆಯುವ ಅಗತ್ಯವಿಲ್ಲ; ಏರಿಯ ಮೇಲೆ ನಿಂತರೆ ಗೊತ್ತಾಗುತ್ತದೆ.

ಕಟ್ಟಿದ ಕೆರೆಗೂ ತಾನಾಗಿ ನಿಂತ ಸರೋವರಕ್ಕೂ ಇರುವ ಈ ವ್ಯತ್ಯಾಸ ಬರಿಯ ಹುಟ್ಟಿನದಲ್ಲ, ಎರಡೂ ಕಡೆಯ ಜನರ ನಡವಳಿಕೆಯನ್ನೇ ಅದು ಬೇರೆ ಮಾಡಿದೆ ಎಂಬುದು ಆ ಎರಡು ದಿನ ನನ್ನ ತಲೆಯಲ್ಲಿ ಬೆಳೆದ ಯೋಚನೆ. ಕಟ್ಟಿದ್ದನ್ನು ವರ್ಷವರ್ಷವೂ ಮತ್ತೆ ಕಟ್ಟಬೇಕು. ಹೂಳು ತೆಗೆಯಬೇಕು, ಏರಿಯ ಮೇಲೆ ಹುಟ್ಟಿದ ಗಿಡ ಕೀಳಬೇಕು, ತೂಬು ಎತ್ತಿ ಇಳಿಸಲು ನೀರಗಂಟಿ ಬೇಕು, ಅವನಿಗೆ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದಲೂ ಆಯದ ಭತ್ತ ಹೋಗಬೇಕು. ಮಂಜುಗಡ್ಡೆ ಕೊರೆದಿಟ್ಟ ಸರೋವರ ಅಂಥ ಯಾವ ಕೂಲಿಯನ್ನೂ ಕೇಳುವುದಿಲ್ಲ. ಅದರ ಪಕ್ಕದಲ್ಲಿ ಮನೆ ಕಟ್ಟಿಕೊಂಡು ನೋಡುತ್ತ ಕೂತರೆ ಸಾಕು, ಅದು ಇರುತ್ತದೆ.

ಹಾಗೆ ನೋಡುತ್ತ ಕೂರುವವರ ಊರು ಎಷ್ಟು ಚೆಂದವೆಂಬುದನ್ನು ನಾನು ಅಲ್ಲಗಳೆಯಲಾರೆ. ವಾಟ್ಕಿನ್ಸ್ ಗ್ಲೆನ್‌ನಿಂದ ಸೆನೆಕಾದ ಪಶ್ಚಿಮ ದಡ ಹಿಡಿದು ಉತ್ತರಕ್ಕೆ ಹೋಗುವ 14ನೇ ನಂಬರಿನ ರಸ್ತೆ, ನೀರಿನ ಪಕ್ಕದಲ್ಲೇ ಹೋಗದೆ ಇಳಿಜಾರಿನ ನಡುಮಟ್ಟದಲ್ಲಿ ಸಾಗುತ್ತದೆ. ಬಲಕ್ಕೆ ದ್ರಾಕ್ಷಿ ತೋಟದ ಸಾಲುಗಳು ನೇರವಾಗಿ ನೀರಿನ ಕಡೆಗೆ ಇಳಿಯುತ್ತವೆ, ಸಾಲುಗಳ ಸಂದಿನಿಂದ ನೀಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಇಷ್ಟು ಚಳಿಯ ನಾಡಿನಲ್ಲಿ ದ್ರಾಕ್ಷಿ ಬೆಳೆಯುವುದೂ ಈ ನೀರಿನ ದೆಸೆಯಿಂದಲೇ. ಸೆನೆಕಾ ಎಷ್ಟು ಆಳವೆಂದರೆ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲಕ್ಕೆ ನಿಧಾನವಾಗಿ ಬಿಟ್ಟುಕೊಡುತ್ತದೆ, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ವಸಂತದಲ್ಲಿ ಅದೇ ನೀರು ತಣ್ಣಗಿದ್ದು, ಬಳ್ಳಿ ಅವಸರಪಟ್ಟು ಚಿಗುರಿ ಮಂಜಿಗೆ ಸುಟ್ಟುಹೋಗದಂತೆ ತಡೆಯುತ್ತದೆ. ನೀರು ಹಾಯಿಸದೆಯೇ ಕೆರೆ ತೋಟ ಕಾಯುತ್ತದೆ ಎಂದಾಗ ದೊಡ್ಡಪ್ಪನ ಮುಖದಲ್ಲಿ ಮೊದಲ ಬಾರಿಗೆ ಮೆಚ್ಚುಗೆ ಕಂಡಿತು. ಊರು ಹತ್ತಿರವಾದಂತೆ ವೇಗದ ಮಿತಿ 55 ಮೈಲಿಯಿಂದ 30ಕ್ಕೆ ಇಳಿಯುತ್ತದೆ, ಎಲ್ಲರೂ ಇಳಿಸುತ್ತಾರೆ, ಒಬ್ಬರೂ ಹಾರ್ನ್ ಮಾಡುವುದಿಲ್ಲ. ಈ ಹೊಗಳಿಕೆಯನ್ನು ಹೊರನಾಡ ಕನ್ನಡಿಗರು ಬೇಕಾದಷ್ಟು ಬರೆದಿದ್ದಾರೆ, ನಾನು ಇಲ್ಲಿಗೆ ಬಿಡುತ್ತೇನೆ. ಚಿತ್ರಗಳಲ್ಲಿ ಕಾಣದ ಒಂದನ್ನು ಮಾತ್ರ ಸೇರಿಸಬೇಕು: ಅದೇ ವಾಟ್ಕಿನ್ಸ್ ಗ್ಲೆನ್‌ನ ದಡದಲ್ಲಿ ನೆಲದಾಳದಿಂದ ಉಪ್ಪು ತೆಗೆಯುವ ಕಾರ್ಖಾನೆಯ ಚಿಮಣಿಗಳೂ ಇವೆ.

ತೊಂದರೆ ಶುರುವಾದದ್ದು ದೊಡ್ಡಪ್ಪ ನೀರಿಗೆ ಇಳಿಯಬೇಕು ಎಂದಾಗ. ಕಾಲು ತೊಳೆದು, ಒಂದು ಬೊಗಸೆ ತಲೆಯ ಮೇಲೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಹೊಸ ಕೆರೆ, ಹೊಸ ಹೊಳೆ ಕಂಡರೆ ಇಳಿಯದೆ ಮುಂದೆ ಹೋಗುವವರಲ್ಲ. ದಕ್ಕೆಯ ಮೇಲೆ ನಿಂತಾಗ ನೀರು ಕೈಗೆ ಎಟುಕದಷ್ಟು ಕೆಳಗಿತ್ತು. ಮುಂದೆ ಎಲ್ಲಾದರೂ ಇಳಿಯೋಣ ಎಂದು ಹೊರಟರೆ ಅರ್ಧ ಗಂಟೆಯವರೆಗೂ ಆ "ಎಲ್ಲಾದರೂ" ಸಿಗಲೇ ಇಲ್ಲ. ರಸ್ತೆಯಿಂದ ದಡಕ್ಕೆ ಇಳಿಯುವ ಕವಲುಗಳಿಗೆ ಲೆಕ್ಕವಿಲ್ಲ, ಪ್ರತಿಯೊಂದರ ಬಾಯಲ್ಲೂ ಟಪಾಲು ಪೆಟ್ಟಿಗೆಗಳ ಸಾಲು, ಅದರ ಪಕ್ಕದಲ್ಲಿ ಖಾಸಗಿ ರಸ್ತೆ ಎಂಬ ಫಲಕ. ಫಲಕವಿಲ್ಲದ ಒಂದು ಕವಲಿನಲ್ಲಿ ಧೈರ್ಯ ಮಾಡಿ ಇಳಿದೆವು. ಕೆಳಗೆ ಒಂದು ಮನೆಯ ಅಂಗಳದಲ್ಲೇ ದಾರಿ ಮುಗಿದಿತ್ತು. ಹುಲ್ಲು ಕತ್ತರಿಸುತ್ತಿದ್ದವರು ಯಂತ್ರ ನಿಲ್ಲಿಸಿ, ದಾರಿ ತಪ್ಪಿತೇ ಎಂದು ಬಹಳ ನಯವಾಗಿ ಕೇಳಿದರು, ಸಾರ್ವಜನಿಕ ಉದ್ಯಾನ ಎಷ್ಟು ದೂರವಿದೆ ಎಂದು ಅಷ್ಟೇ ನಯವಾಗಿ ತಿಳಿಸಿ, ನಾವು ಕಾರು ತಿರುಗಿಸುವವರೆಗೂ ನಿಂತಿದ್ದರು. ಅವರ ಹಿಂದೆ ಹತ್ತು ಮಾರು ದೂರದಲ್ಲಿ ನೀರಿತ್ತು.

"ನೀರಿಗೂ ಮನೆಯೋರನ್ನ ಕೇಳಬೇಕಾ?" ಎಂದರು ದೊಡ್ಡಪ್ಪ. ನೀರು ಎಲ್ಲರದೂ, ದೋಣಿಯಲ್ಲಿ ಹೋದರೆ ಯಾರೂ ತಡೆಯುವುದಿಲ್ಲ, ಆದರೆ ನೀರಿಗೆ ಇಳಿಯುವ ದಡ ಮನೆಯವರದು ಎಂದು ವಿವರಿಸಿದೆ. ಹೇಳುತ್ತಿದ್ದಂತೆ ನನಗೇ ಅದು ವಿಚಿತ್ರವಾಗಿ ಕೇಳಿಸಿತು. ನಮ್ಮಲ್ಲಿ ಕೆರೆಯ ಅಂಗಳವನ್ನು ಒತ್ತುವರಿ ಮಾಡಿದವರೂ ದನ ನೀರು ಕುಡಿಯಲು ಹೋಗುವ ದಾರಿಯನ್ನು ಮುಚ್ಚಲು ಹಿಂಜರಿಯುತ್ತಾರೆ. ಇಲ್ಲಿ ಕಾನೂನಿನ ಪ್ರಕಾರ, ತೆರಿಗೆ ಕಟ್ಟಿ, ಹುಲ್ಲು ಸಮವಾಗಿ ಕತ್ತರಿಸಿ, ದಡವನ್ನು ಮುಚ್ಚಿದ್ದಾರೆ.

ಪೆನ್ ಯಾನ್ ತಲುಪುವ ಹೊತ್ತಿಗೆ ಮಧ್ಯಾಹ್ನ. ಪೆನ್ಸಿಲ್ವೇನಿಯಾದಿಂದ ಬಂದವರೂ ನ್ಯೂ ಇಂಗ್ಲೆಂಡಿನ ಯಾಂಕಿಗಳೂ ಸೇರಿ ನೆಲೆಸಿದ್ದರಿಂದ ಎರಡೂ ಹೆಸರಿನ ಅರ್ಧರ್ಧ ಸೇರಿಸಿ ಊರಿಗೆ ಇಟ್ಟ ಹೆಸರು ಅದು. ಕವಲೊಡೆದ ಕೊಂಬೆಯಂತಿರುವ ಕ್ಯೂಕಾ ಎಂಬ ಸರೋವರದ ಒಂದು ತುದಿಯಲ್ಲಿ ಈ ಊರಿದೆ, ಕ್ಯೂಕಾದ ನೀರು ಇಲ್ಲಿಂದ ಹೊರಬಿದ್ದು ಹನ್ನೊಂದು ಕಿಲೋಮೀಟರ್ ಹರಿದು ಕೆಳಗಿರುವ ಸೆನೆಕಾವನ್ನು ಸೇರುತ್ತದೆ. ಆ ಹೊರಹರಿವಿಗೆ ಊರೊಳಗೇ ಕಬ್ಬಿಣದ ಬಾಗಿಲುಗಳಿವೆ, ಅವನ್ನು ಎತ್ತಿ ಇಳಿಸಿ ಸರೋವರದ ಮಟ್ಟ ಕಾಯುತ್ತಾರೆ, ಎಷ್ಟು ಎತ್ತಬೇಕೆಂಬುದಕ್ಕೆ ದಡದ ಊರುಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಅಂತೂ ನಿಮ್ಮ ತೂಬು ಸಿಕ್ಕಿತು ಎಂದು ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಸೇತುವೆಯ ಕಂಬಿ ಹಿಡಿದು ಬಗ್ಗಿ ನೋಡಿ, ಇದು ತೂಬಲ್ಲ, ಕೋಡಿಗೆ ಬಾಗಿಲು ಇಟ್ಟಿದ್ದಾರೆ ಎಂದು ತಿದ್ದಿದರು. ಸರಿಯಾದ ಮಾತು. ತೂಬು ಕೆರೆಯ ತಳಮಟ್ಟದಿಂದ ಗದ್ದೆಗೆ ನೀರು ಬಿಡುತ್ತದೆ, ಕೋಡಿ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಈ ಹಳ್ಳದ ಇಳಿಜಾರಿನಲ್ಲಿ ಹಿಂದೆ ಸಾಲುಸಾಲಾಗಿ ಹಿಟ್ಟಿನ ಗಿರಣಿಗಳಿದ್ದವು; 1833ರಲ್ಲಿ ಇದರ ಪಕ್ಕದಲ್ಲಿ ದೋಣಿಗಳಿಗೆಂದು ಕಾಲುವೆ ತೆರೆದು 1877ರಲ್ಲಿ ಮುಚ್ಚಿದರು, ಅದರ ಮೇಲೆ ರೈಲು ಬಂತು, ಈಗ ಅದೇ ಜಾಡಿನಲ್ಲಿ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ.

ಪೆನ್ ಯಾನ್ ಸುತ್ತಮುತ್ತ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ರೈತರು 1970ರ ದಶಕದಿಂದ ಈಚೆಗೆ ಪೆನ್ಸಿಲ್ವೇನಿಯಾದಿಂದ ಬಂದು ನೆಲೆಸಿದ್ದಾರೆ. ಅವರಲ್ಲಿ ಹಳೆಯ ಕಟ್ಟಳೆಯವರು ಕಾರು ಇಟ್ಟುಕೊಳ್ಳುವುದಿಲ್ಲ, ಕಪ್ಪು ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಅಂಥ ಒಂದು ಮನೆಯ ಮುಂದೆ, ರಸ್ತೆ ಬದಿಯ ಮರದ ಕಟಕಟೆಯ ಮೇಲೆ ದ್ರಾಕ್ಷಿಯ ಬುಟ್ಟಿಗಳು, ಟೊಮೆಟೊ, ಜೇನಿನ ಬಾಟಲಿಗಳು ಇದ್ದವು. ಕಾಯುವವರು ಯಾರೂ ಇರಲಿಲ್ಲ. ಸೀಳು ಬಿಟ್ಟ ಒಂದು ತಗಡಿನ ಡಬ್ಬಿಯ ಮೇಲೆ ಬೆಲೆ ಬರೆದಿತ್ತು. ಕಾಂಕರ್ಡ್ ಎಂಬ ಆ ಕಪ್ಪು ದ್ರಾಕ್ಷಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ತಿರುಳು ಬಾಯಿಗೆ ಚಿಮ್ಮುತ್ತದೆ. ದೊಡ್ಡಪ್ಪ ಒಂದನ್ನು ಒತ್ತಿದ ತಕ್ಷಣ "ಹಿತಕಿದವರೆ!" ಎಂದರು, ಕಾರು ಹೊರಟ ಮೇಲೂ ಹಿತಕುತ್ತಲೇ ಇದ್ದರು. ಬುಟ್ಟಿಗೆ ಐದು ಡಾಲರ್, ನನ್ನ ಬಳಿ ಇಪ್ಪತ್ತರ ನೋಟೊಂದೇ ಇತ್ತು, ಹಾಗಾಗಿ ಜೇನನ್ನೂ ಬೇಡದ ಟೊಮೆಟೊವನ್ನೂ ಕೊಂಡು ಲೆಕ್ಕ ಸರಿಮಾಡಿದೆ.

ಕ್ಯೂಕಾದ ಇನ್ನೊಂದು ತುದಿಯ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ, 1908ರ ಜುಲೈ 4ರಂದು ವಿಮಾನ ಹಾರಿಸಿದ ಗ್ಲೆನ್ ಕರ್ಟಿಸ್‌ನ ಊರಿನಲ್ಲಿ, ಹಳೆಯ ರೈಲು ನಿಲ್ದಾಣದ ಬಳಿಯ ಉದ್ಯಾನದಲ್ಲಿ ದಡ ಸಿಕ್ಕಿತು. ಆದರೆ ನಾವು ಹೋದಾಗ ಗಾಳಿ ಜೋರಾಗಿ ಮಳೆ ಹಿಡಿದು ಕಾರಿನಿಂದ ಇಳಿಯಲಾಗಲಿಲ್ಲ. ರಾತ್ರಿ ಸೆನೆಕಾದ ಉತ್ತರ ತುದಿಯ ಜಿನೀವಾ ಎಂಬ ಊರಿನಲ್ಲಿ ಉಳಿದೆವು. ಎಲಿಜಬೆತ್ ಬ್ಲ್ಯಾಕ್‌ವೆಲ್ 1849ರಲ್ಲಿ ಅಮೆರಿಕದ ಮೊದಲ ವೈದ್ಯ ಪದವೀಧರೆಯಾಗಿ ಹೊರಬಂದದ್ದು ಈ ಊರಿನ ಕಾಲೇಜಿನಿಂದ. ಮರುದಿನ ಬೆಳಿಗ್ಗೆ ದಾಟಿಹೋದ ಸೆನೆಕಾ ಫಾಲ್ಸ್‌ನಲ್ಲಿ ಅದಕ್ಕೆ ಒಂದು ವರ್ಷ ಮೊದಲು ಮಹಿಳೆಯರ ಹಕ್ಕುಗಳ ಸಮಾವೇಶ ನಡೆದಿತ್ತು. ಜಿನೀವಾದ ಪೇಟೆಗೂ ನೀರಿಗೂ ನಡುವೆ ಹೆದ್ದಾರಿ ಹಾದುಹೋಗಿದೆ. ಕೆರೆಗೆ ಬೆನ್ನು ಹಾಕಿದ ಊರು ನಮ್ಮಲ್ಲಿ ಮಾತ್ರ ಇಲ್ಲ.

ಸೆನೆಕಾ, ಕಯೂಗಾ ಎಂಬ ಹೆಸರುಗಳು ಇಲ್ಲಿನ ಮೂಲನಿವಾಸಿ ಜನಾಂಗಗಳವು. 1779ರಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ಜಾರ್ಜ್ ವಾಷಿಂಗ್ಟನ್‌ನ ಆದೇಶದಂತೆ ಜನರಲ್ ಸಲಿವನ್‌ನ ಸೇನೆ ಈ ಸರೋವರಗಳ ದಡದುದ್ದಕ್ಕೂ ಸಾಗಿ ನಲವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟು, ಜೋಳದ ಹೊಲಗಳನ್ನೂ ಹಣ್ಣಿನ ತೋಟಗಳನ್ನೂ ಕಡಿದುಹಾಕಿತು. ಅದನ್ನು ಸಾರುವ ಫಲಕಗಳು ರಸ್ತೆ ಬದಿಯಲ್ಲಿವೆ. ಹೆಚ್ಚಿನವು ಹೇಳುವುದು ಸೇನೆ ಎಲ್ಲಿ ಬೀಡುಬಿಟ್ಟಿತ್ತು ಎಂಬುದನ್ನು. ಓಡಿಸಿದವರ ಹೆಸರನ್ನು ನೀರಿಗೆ ಉಳಿಸಿಕೊಂಡಿದ್ದಾರೆ. ನಾವು ಜಾಗ ಬಿಟ್ಟುಕೊಟ್ಟವರ ಹೆಸರನ್ನೇ ನಾಚಿಕೆಯೆಂದು ಮುಚ್ಚಿ, ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ ಎಂದು ಬರೆಯುತ್ತೇವೆ. ಯಾವುದು ಹೆಚ್ಚು ಕೃತಘ್ನತೆ ಎಂದು ತೂಗಲು ನಾನು ಹೋಗುವುದಿಲ್ಲ.

ಭಾನುವಾರ ಬೆಳಿಗ್ಗೆ, ಅದೇ ಹೆಸರಿನ ಸರೋವರದ ದಡದ ಸ್ಕ್ಯಾನಿಯಾಟ್ಲಸ್ ಊರಿನಲ್ಲಿ, ಮುಖ್ಯರಸ್ತೆಯ ಅಂಚಿನಲ್ಲೇ ಇರುವ ಸಣ್ಣ ಉದ್ಯಾನದಲ್ಲಿ, ಕೊನೆಗೂ ದೊಡ್ಡಪ್ಪನ ಕಾಲು ನೀರಿಗೆ ತಾಗಿತು. ಚಪ್ಪಲಿ ಕಳಚಿಟ್ಟು, ಪ್ಯಾಂಟು ಮಡಚಿ, ಎರಡು ಕಲ್ಲುಗಳ ನಡುವೆ ನಿಂತು ಬೊಗಸೆಯಲ್ಲಿ ಎತ್ತಿದ ನೀರನ್ನು ಅವರು ತಲೆಗೆ ಹಾಕಿಕೊಳ್ಳುವ ಮೊದಲು ಸ್ವಲ್ಪ ಹೊತ್ತು ನೋಡಿದರು, ಅಂಗೈಯ ಗೆರೆಗಳೆಲ್ಲ ಕಾಣುತ್ತಿದ್ದವು. ನಾನು ಈ ಬರಹ ಬರೆಯಲು ಹೊರಟದ್ದು ಆ ನೀರಿಗಾಗಿ. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಸಿರಾಕ್ಯೂಸ್ ನಗರ 1894ರಿಂದ ಈ ಸರೋವರದ ನೀರನ್ನೇ ಕುಡಿಯುತ್ತಿದೆ, ಅದೂ ಸೋಸುವ ಘಟಕವಿಲ್ಲದೆ. ಕ್ಲೋರಿನ್ ಹಾಕಿ, ಅತಿನೇರಳೆ ಬೆಳಕು ಹಾಯಿಸಿ ಕೊಳವೆಗೆ ಬಿಡುತ್ತಾರೆ. ಸೋಸದೆ ಕುಡಿಸಲು ಅನುಮತಿ ಬೇಕು, ಅನುಮತಿ ಉಳಿಯಬೇಕಾದರೆ ಮೂಲದ ನೀರು ಶುದ್ಧವಾಗಿರಬೇಕು, ಇಲ್ಲದಿದ್ದರೆ ಭಾರಿ ಖರ್ಚಿನ ಘಟಕ ಕಟ್ಟಬೇಕು. ಈ ಲೆಕ್ಕ ಹಾಕಿದ ನಗರ, 1994ರಲ್ಲಿ ಸರೋವರದ ಸುತ್ತಲಿನ ರೈತರ ಜೊತೆ ಕೂತು ಒಂದು ವ್ಯವಸ್ಥೆ ಮಾಡಿಕೊಂಡಿತು: ಸಗಣಿ ಗೊಬ್ಬರ ಮಳೆಗೆ ಕೊಚ್ಚಿಹೋಗದಂತೆ ಶೇಖರಿಸಲು, ದನಗಳು ಹಳ್ಳಕ್ಕಿಳಿಯದಂತೆ ಬೇಲಿ ಹಾಕಲು, ಖಾಲಿ ಬಿಟ್ಟ ಹೊಲದಲ್ಲಿ ಮಣ್ಣು ಹಿಡಿಯುವ ಬೆಳೆ ಬಿತ್ತಲು ತಗಲುವ ಹಣವನ್ನು ನೀರು ಕುಡಿಯುವ ನಗರ ಕೊಡುತ್ತದೆ. ರೈತನನ್ನು ಬೈಯುವುದಿಲ್ಲ, ದಂಡ ಹಾಕಿ ಹೆದರಿಸುವುದರಿಂದ ಶುರುಮಾಡುವುದಿಲ್ಲ. ಹಾಗೆಂದು ಇದು ಎಲ್ಲವನ್ನೂ ಗೆದ್ದ ಕಥೆಯಲ್ಲ. 2017ರ ಸೆಪ್ಟೆಂಬರಿನಲ್ಲಿ ಇದೇ ತಿಳಿನೀರಿನ ಮೇಲೆ ವಿಷಕಾರಿ ಪಾಚಿ ಹರಡಿ, ನೀರು ಎಳೆಯುವ ಜಾಗದವರೆಗೂ ಅದರ ಸುಳಿವು ಬಂದಾಗ ಊರಿಗೆ ಊರೇ ಗಾಬರಿಯಾಗಿತ್ತು.

ಸೂಳೆಕೆರೆಯ ನೀರನ್ನು ಚಿತ್ರದುರ್ಗ ನಗರ ಕುಡಿಯುತ್ತದೆ. ಕೆರೆಯಿಂದ ಹೊರಡುವ ಸಿದ್ಧ ನಾಲೆ, ಬಸವ ನಾಲೆಗಳು ಈಗಲೂ ಅಚ್ಚುಕಟ್ಟಿಗೆ ನೀರು ಕೊಡುತ್ತವೆ. ಕೆರೆಯ ಮೇಲಿನ ಗುಡ್ಡದ ಮಣ್ಣು ಪ್ರತಿ ಮಳೆಗೂ ಜಾರಿ ಒಳಗೆ ಬರುತ್ತದೆ, ಸುತ್ತಲಿನ ಹೊಲದ ಗೊಬ್ಬರ ಔಷಧಿ ಎಲ್ಲ ಅದರೊಳಗೇ ಇಳಿಯುತ್ತದೆ. ಕುಡಿಯುವ ಊರಿಗೂ ಮೇಲ್ದಂಡೆಯ ಹಳ್ಳಿಗಳಿಗೂ ಏನು ಸಂಬಂಧ ಎಂದು ಕೇಳಿದರೆ, ಒಂದು ಪೈಪು ಎನ್ನಬೇಕು, ಅಷ್ಟೆ. ನೀರಿನ ಬಿಲ್ಲು ಕಟ್ಟುವ ಚಿತ್ರದುರ್ಗದ ಮನೆಯಿಂದ ಒಂದು ರೂಪಾಯಿಯಾದರೂ ಕೆರೆಯ ಮೇಲ್ಭಾಗದ ರೈತನ ಬದುವಿಗೆ ಬರಬೇಕು ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಪಂಚಾಯಿತಿಯ ಕೆರೆ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯ ಕೆರೆ ಎಂದು ವಿಂಗಡಿಸಿದ್ದೇವೆ. ಆ ವಿಂಗಡಣೆಯಲ್ಲಿ ಕೆರೆ ಯಾರ ಕಡತದಲ್ಲಿದೆ ಎಂಬುದು ತಿಳಿಯುತ್ತದೆ, ಯಾರ ಕೆಲಸ ಎಂಬುದು ತಿಳಿಯುವುದಿಲ್ಲ. ನೀರಗಂಟಿಗೆ ಆಯ ನಿಂತು, ತೋಟಕ್ಕೆ ಕೊಳವೆಬಾವಿ ಬಂದ ಮೇಲೆ, ಕೆರೆಯ ಮೇಲೆ ದಿನನಿತ್ಯದ ಕಣ್ಣು ಇಡುವ ಅಗತ್ಯ ನಮ್ಮ ಮನೆಯವರಿಗೇ ಉಳಿಯಲಿಲ್ಲ. ದೊಡ್ಡಪ್ಪನ ತೋಟದಲ್ಲಿ ಮೂರು ಕೊಳವೆಬಾವಿಗಳಿವೆ, ಎರಡು ಬತ್ತಿವೆ.

ಆದ್ದರಿಂದ ನಮ್ಮವರು ಇಲ್ಲಿಂದ ಏನನ್ನಾದರೂ ಒಯ್ಯುವುದಾದರೆ ಆ ರೈತ ಮತ್ತು ನಗರದ ನಡುವಿನ ಲೆಕ್ಕವನ್ನು ಒಯ್ಯಲಿ ಎಂಬುದು ನನ್ನ ಆಸೆ. ನಾವು ಒಯ್ಯುತ್ತಿರುವುದು ಇನ್ನೊಂದನ್ನು. ಕಳೆದ ಬಾರಿ ಊರಿಗೆ ಹೋದಾಗ ಬೆಂಗಳೂರಿನ ದಾರಿಯಲ್ಲಿ ಲೇಕ್ ವ್ಯೂ ನಿವೇಶನಗಳ ಜಾಹೀರಾತು ಹಲಗೆಗಳನ್ನು ನೋಡಿ ಬಂದಿದ್ದೇನೆ: ತಂತಿಬೇಲಿ, ಒಳಗೆ ಸಮವಾಗಿ ಕತ್ತರಿಸಿದ ಹುಲ್ಲು, ಆಚೆಗೆ ನೀರು. ದಡ ಮನೆಯವರದಾದ ಮೇಲೆ ಅದನ್ನು ಬಿಡಿಸುವುದು ಎಷ್ಟು ಕಷ್ಟ ಎಂಬುದಕ್ಕೂ ಇಲ್ಲಿಯೇ ಸಾಕ್ಷಿ ಇದೆ. ಇದೇ ಹನ್ನೊಂದರಲ್ಲಿ ಹೆಮ್ಲಾಕ್ ಎಂಬ ಸರೋವರದಿಂದ 1876ರಲ್ಲಿ ನೀರು ಪಡೆಯಲು ಶುರುಮಾಡಿದ ರಾಚೆಸ್ಟರ್ ನಗರ, ನೀರು ಕೆಡದಿರಲೆಂದು ದಡದ ಬೇಸಿಗೆ ಮನೆಗಳನ್ನು ಹಣ ಕೊಟ್ಟು ಕೊಂಡು ಕೆಡವಬೇಕಾಯಿತು. ಹೆಮ್ಲಾಕ್‌ನ ಸುತ್ತ ಈಗ ಕಾಡು ಮಾತ್ರ ಇದೆ; 2010ರಲ್ಲಿ ರಾಜ್ಯ ಅದನ್ನು ಕೊಂಡುಕೊಂಡಿತು. ಅಲ್ಲಿ ಯಾರು ಬೇಕಾದರೂ ದಡಕ್ಕೆ ಹೋಗಬಹುದು, ಈಜುವಂತಿಲ್ಲ, ದೊಡ್ಡ ಎಂಜಿನ್ನಿನ ದೋಣಿ ಇಳಿಸುವಂತಿಲ್ಲ. ಹಿಂದೊಮ್ಮೆ ಒಬ್ಬನೇ ಹೋಗಿದ್ದೆ. ಹನ್ನೊಂದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು, ಅಲ್ಲಿ ಕಾಫಿ ಮಾತ್ರ ಸಿಗುವುದಿಲ್ಲ.

ಕಯೂಗಾದ ಪೂರ್ವ ದಡ ಹಿಡಿದು ಇಥಾಕಾಕ್ಕೆ ಬಂದು, ಅಲ್ಲಿಂದ ಹೆದ್ದಾರಿಗೆ ಸೇರುವ ಹೊತ್ತಿಗೆ ಕತ್ತಲಾಗಿತ್ತು. ದೊಡ್ಡಪ್ಪ ನಿದ್ದೆ ಹೋಗಿದ್ದಾರೆಂದು ಹಾಡಿನ ಸದ್ದು ತಗ್ಗಿಸಿದೆ. ಪೆನ್ಸಿಲ್ವೇನಿಯಾದ ಗಡಿ ದಾಟಿದ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ, ಆ ಪೆನ್ ಯಾನ್‌ನಲ್ಲಿ ಬಾಗಿಲು ಎತ್ತಿ ಇಳಿಸುವವನಿಗೆ ಸಂಬಳ ಯಾರು ಕೊಡುತ್ತಾರೆ, ಊರಿನವರೋ ಸರ್ಕಾರವೋ ಎಂದು ಕೇಳಿದರು. ಊರಿನವರೇ ಸೇರಿ ಕೊಡುತ್ತಾರೆ ಎಂದುಕೊಂಡಿದ್ದೇನೆ ಎಂದೆ. "ತಿಂಗಳಿಗೋ, ಸುಗ್ಗಿಗೋ?" ಎಂದರು.